ಸಫಾರಿ ಬಸ್ಸಿನಲ್ಲಿ ಕೂಗಿದವಳು ನಾನು

ಮಕ್ಕಳೇ, ಪಾವಗಡದ ನಿಮ್ಮ ಅಕ್ಕನನ್ನು ನೀವೆಲ್ಲ ‘ಹುಲಿ ಓಡಿಸಿದೋಳು’ ಎಂದು ಕರೆಯುತ್ತೀರಿ. ಈ ಸಲ ಯುಗಾದಿಗೆ ಕಳ್ಳಂಬೆಳ್ಳದ ನಮ್ಮ ಮನೆಯಲ್ಲಿ ಎಲ್ಲರೂ ಸೇರಿದಾಗ ನಿಮ್ಮಲ್ಲೊಬ್ಬ ಅವಳ ಕಿವಿಯ ಹತ್ತಿರ ಹೋಗಿ ಕಿರುಚಿದ. ಎಲ್ಲರೂ ನಕ್ಕರು, ಅವಳೂ ನಕ್ಕಳು. ನಾನು ಹೂರಣದ ಉಂಡೆ ಕಟ್ಟುತ್ತಾ ಕೂತಿದ್ದೆ, ತಲೆ ಎತ್ತಲಿಲ್ಲ.

ಅವತ್ತು ಸಫಾರಿ ಬಸ್ಸಿನಲ್ಲಿ ಕಿರುಚಿದ್ದು ಅವಳಲ್ಲ, ನಾನು.

ಇದನ್ನು ಈಗ ಬರೆಯುವುದಕ್ಕೆ ಕಾರಣ ಇದೆ. ಅವಳ ಶಾಲೆಯವರು ಒಂಬತ್ತನೇ ತರಗತಿಯ ಮಕ್ಕಳನ್ನು ಮೂರು ದಿನ ಹುಲಿ ಕಾಡಿಗೆ ಕರೆದುಕೊಂಡು ಹೋಗುತ್ತಾರಂತೆ. ಒಪ್ಪಿಗೆ ಚೀಟಿಗೆ ಅವಳಪ್ಪ, ಅಂದರೆ ನನ್ನ ದೊಡ್ಡ ಮಗ, ಸಹಿ ಹಾಕಲಿಲ್ಲ. “ಅಲ್ಲೂ ಹೋಗಿ ಕಿರುಚಿ ನಮ್ ಮರ್ಯಾದೆ ಕಳೀತಾಳೆ” ಎಂದು ಚೀಟಿಯನ್ನು ಟಿವಿ ಮೇಲಿಟ್ಟ. ಸೋಮವಾರ ಅದನ್ನು ವಾಪಸ್ ಕೊಡಬೇಕು.

ಮೂರು ವರ್ಷದ ಹಿಂದಿನ ದಸರಾ ರಜೆಯ ಮಾತು. ಅವಳಿಗೆ ಆಗ ಹನ್ನೊಂದು ವರ್ಷ. ನಾಲ್ಕು ವರ್ಷದವಳಿದ್ದಾಗಿನಿಂದ ಹುಲಿಯ ಚಿತ್ರ ಬರೆಯುತ್ತಿದ್ದ ಮಗು. ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲೆಲ್ಲ ಹುಲಿಯೇ. “ಮೃಗಾಲಯದ್ದು ಬ್ಯಾಡ ಅಜ್ಜೀ, ಅದು ಸುಮ್ನೆ ಮಲಗಿರುತ್ತೆ. ಕಾಡಾಗೆ ನಡೆಯೋದು ನೋಡ್ಬೇಕು” ಎನ್ನುತ್ತಿದ್ದಳು. ಅವಳಪ್ಪನಿಗೆ ವಳ್ಳೂರಿನ ಸೋಲಾರ್ ಪಾರ್ಕಿನಲ್ಲಿ ಕೆಲಸ, ಎರಡು ದಿನ ರಜೆ ಸಿಗುವುದೇ ಹೆಚ್ಚು. ಆ ಸಲ ಸಿಕ್ಕಿತು. ನಿಮ್ಮ ತಾತ ಹೋದ ಮೇಲೆ ನಾನು ಮಧುಗಿರಿ, ಶಿರಾ ಬಿಟ್ಟು ಆಚೆಗೆ ಹೋಗಿರಲಿಲ್ಲ. ಮಗ, ಸೊಸೆ ಬಲವಂತ ಮಾಡಿ ನನ್ನನ್ನೂ ಹೊರಡಿಸಿದರು. ಮೈಸೂರು ದಾಟಿ ಹೋದೆವು. ಸಂಜೆ ಒಂದು ಸಫಾರಿ, ಮರುದಿನ ಬೆಳಿಗ್ಗೆ ಇನ್ನೊಂದು, ಎರಡಕ್ಕೂ ಟಿಕೆಟ್ ಆಗಿತ್ತು.

ಹಸಿರು ಬಣ್ಣದ ಸಣ್ಣ ಬಸ್ಸು. ಇಪ್ಪತ್ತು ಜನ ಇರಬಹುದು. ಮಗ, ಸೊಸೆ ಡ್ರೈವರ್ ಹಿಂದೆಯೇ ಕೂತರು. ಅಪರಿಚಿತರ ಮಧ್ಯೆ ಕೂರಲು ನನಗೆ ಸಂಕೋಚ, ಕೊನೆಯ ಸೀಟಿಗೆ ಹೋದೆ. ಅವಳು ಮುಂದಿನ ಜಾಗ ಬಿಟ್ಟು ನನ್ನ ಪಕ್ಕಕ್ಕೆ ಬಂದಳು. ನಾನೊಬ್ಬಳೇ ಆಗುತ್ತೇನಲ್ಲ ಎಂದು ಬಂದದ್ದು.

ಡ್ರೈವರ್ ಮೊದಲೇ ಹೇಳಿದರು, “ಮಾತಾಡಂಗಿಲ್ಲ, ಎದ್ದು ನಿಲ್ಲಂಗಿಲ್ಲ. ಕೂಗಿದ್ರಂತೂ ಬಸ್ ವಾಪಸ್ ತಿರುಗಿಸ್ಬುಡ್ತೀನಿ.”

ಕರಿಮುಖದ ಮುಸುವ ಕೋತಿಯೊಂದು ಮರಿಯ ಬಾಲ ಹಿಡಿದು ಎಳೆದದ್ದನ್ನು ಕಂಡು ಅವಳಿಗೆ ನಗು ತಡೆಯಲಾಗಲಿಲ್ಲ. ಅವಳಪ್ಪ ಹಿಂದೆ ತಿರುಗಿ ಕಣ್ಣು ಕೆಕ್ಕರಿಸಿದ. ಸ್ವಲ್ಪ ದೂರ ಹೋದ ಮೇಲೆ ಆನೆಯ ಲದ್ದಿ ಕಂಡು “ಚೂಡು ಅಜ್ಜೀ!” ಎಂದಳು. ನೋಡು ಎನ್ನುವುದಕ್ಕೆ ಚೂಡು ಎನ್ನುತ್ತಾಳೆ, ಪಾವಗಡದಲ್ಲಿ ಬೆಳೆದ ಮಗುವಿಗೆ ತೆಲುಗು ಮೊದಲು ಬರುತ್ತದೆ. ನನ್ನ ಮಗ ಮತ್ತೆ ತಿರುಗಿ, “ಇನ್ನೊಂದ್ ಸಲ ಬಾಯ್ಬುಟ್ರೆ ನೋಡು” ಎಂದ. ಅಲ್ಲಿಂದ ಮುಂದೆ ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಕೂತಳು.

ಹೊತ್ತು ಇಳಿಯುತ್ತಾ ಬಂತು. ಎಲ್ಲೋ ಒಂದು ಜಿಂಕೆ ಬೆದರಿ ಕೂಗಿತು. ಡ್ರೈವರ್ ಬಸ್ಸು ನಿಲ್ಲಿಸಿ ಎಡಗಡೆಗೆ ಬೆರಳು ತೋರಿಸಿದರು. ಎಲ್ಲರ ಕಣ್ಣೂ ಎಡಕ್ಕೆ ಹೋಯಿತು. ಅವಳ ಟೋಪಿ ಕೆಳಗೆ ಬಿದ್ದಿತ್ತು, ಬಗ್ಗಿ ಸೀಟಿನ ಕೆಳಗೆ ತಡಕುತ್ತಿದ್ದಳು. ನಾನು ಬಲಗಡೆ ನೋಡಿದೆ.

ಯಾಕೆ ನೋಡಿದೆ ಎಂದು ಹೇಳಬೇಕಾದರೆ ನನ್ನ ತವರಿನ ವಿಷಯ ಹೇಳಬೇಕು. ಕೊರಟಗೆರೆ ಕಡೆಯ ಬೆಟ್ಟದ ಮಗ್ಗುಲ ಊರು. ಏಳನೇ ಕ್ಲಾಸು ಮುಗಿಯುವವರೆಗೂ ಶಾಲೆ ಬಿಟ್ಟ ಹೊತ್ತಿನಲ್ಲಿ ನಾನು ಕಾಯುತ್ತಿದ್ದದ್ದು ಮೇಕೆಗಳನ್ನು. ಒಂದು ಸಂಜೆ ಬಂಡೆ ಹಿಂದಿನಿಂದ ಚಿರತೆ ಬಂದು, ನನ್ನ ಕಣ್ಣೆದುರೇ ಮರಿ ಹೊತ್ತುಕೊಂಡು ಹೋಯಿತು. ಬಾಯಿ ಬರಲಿಲ್ಲ ನನಗೆ. ನಮ್ಮವ್ವ, “ಮಾತಾಡಕ್ಕೆ ನಾಚ್ಕೆ ಅಂದ್ರೆ ಸರಿ, ಕೂಗಕ್ಕೂ ನಾಚ್ಕೆಯೇನೇ ನಿಂಗೆ?” ಎಂದು ಬೈದು, ಹಿತ್ತಲಲ್ಲಿ ನಿಲ್ಲಿಸಿ ಕೂಗುವುದನ್ನು ಕಲಿಸಿದಳು. ಹೊಟ್ಟೆಯಿಂದ ಎತ್ತಿ ಮೂಗಿಗೆ ತಂದು ಬಿಡುವ ಕೂಗು. ಆಮೇಲೆ ಒಂದು ಮರಿಯೂ ಹೋಗಲಿಲ್ಲ. ಮೇಕೆಗಳು ಮೇಯುವುದು ಬಿಟ್ಟು ಎಲ್ಲ ಒಂದೇ ಕಡೆಗೆ ಕಿವಿ ನೆಟ್ಟರೆ ಆ ಕಡೆಗೆ ಕೂಗಬೇಕು, ಅಷ್ಟೇ.

ಬಲಗಡೆ ಏಳೆಂಟು ಜಿಂಕೆ ಹಾಗೆಯೇ ಕಿವಿ ನೆಟ್ಟು ನಿಂತಿದ್ದವು. ಒಂದು ಮರಿ ಮಾತ್ರ ಗುಂಪಿನಿಂದ ಈಚೆಗೆ, ಏನೂ ತಿಳಿಯದೆ ಹುಲ್ಲು ಮೂಸುತ್ತಿತ್ತು. ಅದರ ಹಿಂದಿನ ಪೊದೆಯಲ್ಲಿ ಮೊದಲು ಹಳದಿ ಕಂಡಿತು, ಆಮೇಲೆ ತಗ್ಗಿಸಿದ ತಲೆ, ಏರಿ ಇಳಿಯುವ ಎರಡು ಭುಜ. ಹುಲಿ ಎಂದು ನನಗೆ ಹೊಳೆಯಲೇ ಇಲ್ಲ. ಮರಿ ಹೋಯಿತು ಎಂದಷ್ಟೇ ಹೊಳೆಯಿತು.

“ಹೋಓಯ್! ಹೋ ಹೋ ಹೋಯ್!”

ಕಿಟಕಿಯ ಕೆಳಗಿನ ತಗಡನ್ನೂ ಕೈಯಿಂದ ಬಡಿದುಬಿಟ್ಟಿದ್ದೆ. ಬಂದದ್ದು ನನ್ನ ಈಗಿನ ದನಿಯಲ್ಲ, ಆಗಿನ ಹುಡುಗಿಯ ಕೀರಲು ದನಿ. ಜಿಂಕೆಗಳು ಚದುರಿದವು. ಹುಲಿ ಒಂದು ಸಲ ಬಸ್ಸಿನ ಕಡೆ ಮುಖ ಮಾಡಿ, ತಿರುಗಿ ಪೊದೆಯೊಳಗೆ ಹೋಯಿತು. ಬಸ್ಸಿನಲ್ಲಿದ್ದವರಲ್ಲಿ ಒಬ್ಬರಿಗೆ ಬಾಲ ಕಂಡಿತಂತೆ. ಉಳಿದವರಿಗೆ ಅಲುಗುವ ಎಲೆ.

“ಯಾರ್ರೀ ಅದು ಕಿರ್ಚಿದ್ದು?” ಎಂದು ದೊಡ್ಡ ಕ್ಯಾಮೆರಾ ಹಿಡಿದಿದ್ದವರು ಎದ್ದೇ ನಿಂತರು. “ಆರನೇ ಸಲ ಬರ್ತಿರೋದು ನಾನು! ಮಕ್ಕಳನ್ನ ಹಿಡ್ಕೊಳಕ್ಕಾಗಲ್ಲ ಅಂದ್ರೆ ಪಾರ್ಕಿಗೆ ಕರ್ಕೊಂಡ್ ಹೋಗಿ, ಇಲ್ಲಿಗ್ಯಾಕೆ ತರ್ತೀರ?”

ಎಲ್ಲರೂ ಹಿಂದೆ ತಿರುಗಿ ನೋಡಿದರು. ಟೋಪಿ ಕೈಯಲ್ಲಿ ಹಿಡಿದು ಅವಳು ಆಗಷ್ಟೇ ತಲೆ ಎತ್ತಿದ್ದಳು. ಪಕ್ಕದಲ್ಲಿ ಸೆರಗು ಹೊದ್ದ ಮುದುಕಿ. ಯಾರಿಗೂ ಅನುಮಾನವೇ ಬರಲಿಲ್ಲ.

ನನ್ನ ಮಗ ಹಿಂದಕ್ಕೆ ಬಂದವನೇ, “ಲೇ, ಎಷ್ಟ್ ಸಲ ಹೇಳ್ದೆ ನಿಂಗೆ? ಇಷ್ಟ್ ಜನ್ರ ಮುಂದೆ ಮಾನ ತೆಗೆದ್ಬುಟ್ಟಲ್ಲೇ!” ಎಂದು ಅವಳ ತೋಳು ಹಿಡಿದು ಜಗ್ಗಿದ. ಅವಳು ನನ್ನ ಮುಖ ನೋಡಿದಳು. ನಾನು ಹೇಳುತ್ತೇನೆ ಎಂದು ಕಾದಳೋ ಏನೋ. ನಾನು ಕಿಟಕಿಯ ಕಂಬಿಯನ್ನು ನೋಡುತ್ತಾ ಕೂತೆ. ‘ನಾನು’ ಎಂಬ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಅಷ್ಟು ದೊಡ್ಡದಾಗಿ ಕೂಗಿದ ಬಾಯಿಗೆ ಆ ಒಂದು ಮಾತು ಆಡಲಾಗಲಿಲ್ಲ.

“ನಾಳೆ ನೀನು ಬರಂಗಿಲ್ಲ. ರೂಮಾಗೇ ಬಿದ್ದಿರು” ಎಂದ ಅವಳಪ್ಪ.

ಮರುದಿನ ಬೆಳಿಗ್ಗೆ ಮಗ, ಸೊಸೆ ಇಬ್ಬರೇ ಹೋದರು. ನಾನು ಅವಳ ಜೊತೆ ಉಳಿದೆ. ಎಲ್ಲರೂ ಅದನ್ನು ನನ್ನ ಒಳ್ಳೆಯತನ ಎಂದುಕೊಂಡರು. ಅವಳು ಇಡ್ಲಿ ತಿನ್ನುತ್ತಿದ್ದಾಗ ಕೇಳಿದೆ, “ಯಾಕಮ್ಮಾ, ಕೂಗಿದ್ದು ಅಜ್ಜಿ ಅಂತ ನಿಮ್ಮಪ್ಪನಿಗೆ ಹೇಳ್ಲಿಲ್ಲ?”

“ನಂಗೆ ಬೈದ್ರೆ ನಾನು ಆಮ್ಯಾಲೆ ಊಟ ಮಾಡ್ತೀನಿ ಅಜ್ಜಿ. ನಿಂಗೆ ಯಾರಾನಾ ಬೈದ್ರೆ ನೀನು ಎರಡು ದಿನ ಊಟ ಬುಡ್ತೀಯ” ಎಂದಳು. ಆಮೇಲೆ ದನಿ ತಗ್ಗಿಸಿ, “ಹೆಂಗಿತ್ತು ಅಜ್ಜಿ? ನಂಗೆ ಕಾಣ್ಲೇ ಇಲ್ಲ” ಎಂದು ಕೇಳಿದಳು.

ಅವಳಿಗೆ ಹುಲಿ ಹೇಗಿತ್ತು ಎಂದು ನಾನು ಹೇಳಿದೆ. ಹೇಳುವಾಗ ಆದ ಸಂಕಟವನ್ನು ಬರೆಯಲು ಬರುವುದಿಲ್ಲ. ಆ ಬಸ್ಸಿನಲ್ಲಿ ಹುಲಿಯ ಮುಖ ನೋಡಿದವಳು ನಾನೊಬ್ಬಳೇ. ನನಗೆ ಅದು ಬೇಕಾಗಿಯೂ ಇರಲಿಲ್ಲ.

ಒಂಬತ್ತೂವರೆಗೆ ಮಗ, ಸೊಸೆ ವಾಪಸ್ ಬಂದರು. ಹುಲಿ ದಾರಿಯಲ್ಲೇ ಬಸ್ಸಿನ ಮುಂದೆ ಬಹಳ ಹೊತ್ತು ನಡೆದಿತ್ತಂತೆ. ಮಗನ ಸಿಟ್ಟೆಲ್ಲ ಇಳಿದಿತ್ತು, ಮೊಬೈಲಿನಲ್ಲಿ ತೋರಿಸಿದ. ಅವಳು ಮುನಿಸಿಕೊಂಡಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿ, “ಅಬ್ಬಾ, ಎಷ್ಟು ನಿಧಾನಕ್ಕೆ ನಡೀತೈತೆ!” ಎಂದಳು. ಮನೆಗೆ ಬಂದ ಮೇಲೆ ಅವಳು ಹುಲಿ ಬರೆದದ್ದನ್ನು ನಾನು ಕಂಡಿಲ್ಲ.

ಮೊನ್ನೆ ಚೀಟಿ ಟಿವಿ ಮೇಲೆ ಹೋದ ದಿನ ನಾನು ಪಾವಗಡದಲ್ಲೇ ಇದ್ದೆ. ಎದೆ ಗಟ್ಟಿ ಮಾಡಿಕೊಂಡು ಮಗನಿಗೆ ಹೇಳಿದೆ, “ಅವತ್ತು ಕೂಗಿದ್ದು ನಾನು ಕಣಪ್ಪ.”

ಅವನು ನಕ್ಕುಬಿಟ್ಟ. “ನೀನಾ? ಬಸ್ಸಲ್ಲಿ ನಿನ್ನ ಸ್ಟಾಪ್ ಬಂದ್ರೂ ಕಂಡಕ್ಟ್ರಿಗೆ ಹೇಳ್ದೆ ಮುಂದಿನ ಊರಾಗೆ ಇಳಿಯೋಳು ನೀನು. ಮೊಮ್ಮಗಳ್ನ ಉಳ್ಸಕ್ಕೆ ಎಂಥ ಸುಳ್ಳಮ್ಮಾ ಇದು!”

ಸೊಸೆ, “ಅತ್ತೆಗೆ ಅವಳ ಮ್ಯಾಲೆ ಪ್ರಾಣ” ಎಂದಳು. ನಿಜ ಹೇಳಿದ್ದಕ್ಕೂ ನನಗೆ ಹೊಗಳಿಕೆಯೇ ಸಿಕ್ಕಿತು. ಮೊಮ್ಮಗಳು ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಹಾಗೆಯೇ ಒಳಗೆ ಹೋದಳು.

ಅದಕ್ಕೇ ಎಲ್ಲವನ್ನೂ, ಜಿಂಕೆ ಎಷ್ಟಿದ್ದವು, ಟೋಪಿ ಎಲ್ಲಿ ಬಿತ್ತು ಎಂಬುದನ್ನೂ ಸೇರಿಸಿ ಬರೆದಿದ್ದೇನೆ. ಭಾನುವಾರ ನೀವೆಲ್ಲ ಪಾವಗಡಕ್ಕೆ ಬರುತ್ತೀರಲ್ಲ, ಊಟಕ್ಕೆ ಮೊದಲು, ಯುಗಾದಿಯಲ್ಲಿ ಕಿರುಚಿದವನು ಇದನ್ನು ಅವಳಪ್ಪನ ಮುಂದೆ ಗಟ್ಟಿಯಾಗಿ ಓದಬೇಕು. ಅವನು ನಂಬದೆ ನಕ್ಕರೆ ಮತ್ತೆ ಮೊದಲಿನಿಂದ ಓದಿ. ನಾನು ನಾಚಿಕೆಯಾಯಿತೆಂದು ಎದ್ದು ಅಡುಗೆ ಮನೆಗೆ ಹೋಗುವುದಿಲ್ಲ, ಅವಳ ಪಕ್ಕದಲ್ಲೇ ಕೂತಿರುತ್ತೇನೆ.