ಟೇಬಲ್ ಹಾಕಿದ ಸಂಧಾನ

ಸೌದಿಯ ರಾಸ್ ಅಲ್ ಖೈರ್‌ನಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರಕ್ಕೆ ಪಂಪು ಕೊಡುವವರು ಅಮೆರಿಕದವರು, ವಾಲ್ವು ಕೊಡುವವರು ಇಂಗ್ಲೆಂಡಿನವರು. ಅಟ್ಲಾಂಟಿಕ್‌ನ ಆಚೆ ದಡ, ಈಚೆ ದಡ; ಪೇಪರಿನಲ್ಲಿ ಓದಿದರೆ ಭಾರೀ ದೋಸ್ತಿ. ನಡುವೆ ನಮ್ಮ ಕಫೀಲರ, ಅಂದರೆ ವೀಸಾ ಕೊಟ್ಟ ಧಣಿಗಳ, ಪುಟ್ಟ ಕಂಪನಿ, ಅದರಲ್ಲಿ ಉಡುಪಿ ಕಡೆಯ ನಾನು. ಇಬ್ಬರೂ ಕರಾರಿಗೆ ಸಹಿ ಹಾಕಿದರೆ ಮಾತ್ರ ಇಲ್ಲಿ ಇರಲು ಬೇಕಾದ ನನ್ನ ಇಕಾಮಾ ರಿನೀವಲ್ ಎಂದು ಕಫೀಲರು ಹೇಳಿಬಿಟ್ಟಿದ್ದರು. ಇಲ್ಲದಿದ್ದರೆ ಹತ್ತನೇ ಕ್ಲಾಸಿನ ಮಗಳನ್ನು ನಡು ವರ್ಷ ಶಾಲೆ ಬಿಡಿಸಿ ಗಂಟುಮೂಟೆ ಕಟ್ಟಬೇಕು. ಹೆಂಡತಿ ಆಗಲೇ ಮಂಚದ ಅಡಿಯಿಂದ ಸೂಟ್‌ಕೇಸ್ ಎಳೆದು ಧೂಳು ಒರೆಸಿದ್ದಳು.

ಮೀಟಿಂಗಿನಲ್ಲಿ ಇಂಗ್ಲೆಂಡಿನ ಸಾಹೇಬರು ಮೆತ್ತಗೆ, ರೇಟಿನ ವಿಷಯ ಇವತ್ತು ‘ಟೇಬಲ್’ ಮಾಡೋಣ ಎಂದರು. ಅಮೆರಿಕದವರ ಮುಖ ಕೆಂಪಾಯಿತು. ಟೇಬಲ್ ಮಾಡಲಿಕ್ಕಾ ನಾನು ಇಷ್ಟು ದೂರ ಬಂದದ್ದು ಎಂದರು. ಟೇಬಲ್ ಮಾಡದಿದ್ದರೆ ನಾನು ಎದ್ದುಹೋಗುತ್ತೇನೆ ಎಂದು ಇಂಗ್ಲೆಂಡಿನವರು. ಮಾಡಿದರೆ ನಾನು ಎದ್ದುಹೋಗುತ್ತೇನೆ ಎಂದು ಅಮೆರಿಕದವರು. ಕಫೀಲರು ಜಪಮಣಿ ತಿರುಗಿಸುತ್ತಿದ್ದರು.

ನಮ್ಮೂರ ಮದುವೆಯಲ್ಲಿ ಬೀಗರು ಕಚ್ಚಾಡಲು ಶುರುಮಾಡಿದರೆ ಹಿರಿಯರು ಹೇಳುವುದು ಒಂದೇ: ಮೊದಲು ಟೇಬಲ್ ಹಾಕಿ. ಅಂದರೆ ಊಟ ಬಡಿಸಿ. ಇಲ್ಲಿ ಇಷ್ಟು ಸಲ ಟೇಬಲ್ ಎಂದ ಮೇಲೆ ಇನ್ನೆಂತ ಕೇಳುವುದು? ಪಕ್ಕದ ಹೋಟೆಲಿನ ಭಟ್ಕಳದ ಭಾಯಿಗೆ ಫೋನ್ ಮಾಡಿದೆ. ಅವರು ಬಂದವರೇ ಕರಾರುಪತ್ರಗಳ ಮೇಲೆಯೇ ಪ್ಲಾಸ್ಟಿಕ್ ಹಾಸಿ ಬಿರಿಯಾನಿಯ ತಟ್ಟೆ ಇಟ್ಟುಬಿಟ್ಟರು.

ಇದೆಂಥದು ಎಂದು ಅಮೆರಿಕದವರು ಕೇಳಿದರು.

“ಸರ್, ನೀವಿಬ್ಬರೂ ಟೇಬಲ್ ಟೇಬಲ್ ಅಂದಿರಲ್ಲ. ನಮ್ಮೂರಲ್ಲಿ ಟೇಬಲ್ ಅಂದರೆ ಊಟ.”

ಇಂಗ್ಲೆಂಡಿನವರು ಕೋಳಿ ಕಾಲು ಹಿಡಿದುಕೊಂಡೇ, ಹಾಗಾದರೆ ನಿಮ್ಮ ಅಮೆರಿಕದಲ್ಲಿ ಏನರ್ಥ ಎಂದು ವಿಚಾರಿಸಿದರು. ಮುಂದಕ್ಕೆ ಹಾಕುವುದು ಎಂದರು ಅವರು. ನಮ್ಮಲ್ಲಿ ಈಗಲೇ ಚರ್ಚೆಗೆ ಎತ್ತಿಕೊಳ್ಳುವುದು ಎಂದರು ಇವರು. ಇಬ್ಬರಿಗೂ ಬೇಕಾದದ್ದು ಒಂದೇ, ಇವತ್ತೇ ರೇಟು ಮಾತಾಡಿ ಮುಗಿಸುವುದು! ಒಂದೇ ಭಾಷೆಯವರ ಅವಸ್ಥೆ ನೋಡಿ ಮಾರಾಯ್ರೆ. ತುಳು, ಬ್ಯಾರಿ, ಉರ್ದು, ಅರಬಿ ಎಲ್ಲ ಕಲಸಿ ಮಾತಾಡುವ ನಮಗೆ ಇಷ್ಟು ಫಜೀತಿ ಇಲ್ಲ. ನಕ್ಕು ನಕ್ಕು, ತಟ್ಟೆ ಸರಿಸಿ, ರೇಟು ಮಾತಾಡಿ, ತುಪ್ಪದ ಕೈಯಲ್ಲೇ ಸಹಿ ಹಾಕಿದರು.

ಹೆಂಡತಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಆಚೆಯಿಂದ ಮೂಗೊರೆಸುವ ಸದ್ದು ಕೇಳಿತು. ನನ್ನ ಕಣ್ಣೂ ಒದ್ದೆಯಾಗಿತ್ತು, ಸುಳ್ಳೇಕೆ. ಆಮೇಲೆ ಸೂಟ್‌ಕೇಸ್ ಮಂಚದಡಿಗೆ ನೂಕಿದ ಸದ್ದು.

“ಮನೆಯಲ್ಲಿ ಒಂದು ದಿನವೂ ಬಟ್ಟಲು ಇಟ್ಟವರಲ್ಲ,” ಎಂದಳು. “ಬನ್ನಿ, ಇವತ್ತು ಇಲ್ಲಿಯೂ ಟೇಬಲ್ ಹಾಕುವುದು ನೀವೇ.”