ಕೆಂಪು ಶಾಲಿನ ಹುಡುಗಿಗೆ ದೃಷ್ಟಿಬೊಟ್ಟು

ಐರ್ಲೆಂಡಿನ ಡ್ರೋಹೆಡಾ ಊರಿನ ಪುಟ್ಟ ಚಿತ್ರಶಾಲೆಯ ಹಿಂಬಾಗಿಲು ತೆರೆಯುವ ಹೊತ್ತಿಗೆ ಬೆಳಕಿನ್ನೂ ಸರಿಯಾಗಿ ಹರಿದಿರುವುದಿಲ್ಲ. ಲೀಲಾವತಿ ಬೂಟು ಕಳಚಿ ಬಾಗಿಲ ಪಕ್ಕ ಇಡುತ್ತಾರೆ. ಕಾಲುಚೀಲದಲ್ಲೇ ನಡೆದು ಒಂದೊಂದೇ ಕೋಣೆಯ ದೀಪ ಹಾಕುತ್ತಾ, ನೆಲ ಒರೆಸುತ್ತಾ ಹೋಗುತ್ತಾರೆ. ಕೊನೆಯ ಕೋಣೆಯ ದೀಪ ಮಾತ್ರ ಹಾಕುವುದಿಲ್ಲ. ಅಲ್ಲಿ ಕೆಂಪು ಶಾಲು ಹೊದ್ದು, ಅರ್ಧ ತೆರೆದ ಬಾಗಿಲಲ್ಲಿ ನಿಂತ ಐದಾರು ವರ್ಷದ ಹುಡುಗಿಯ ಚಿತ್ರವಿದೆ. ಬರೆದವರು ಯಾರೋ, ಹುಡುಗಿ ಯಾರ ಮನೆಯವಳೋ, ಗೊತ್ತಿಲ್ಲ. ದೀಪವೇಕೆ ಹಾಕುವುದಿಲ್ಲ ಎಂದರೆ, "ಈಗಷ್ಟೇ ಎದ್ದಿರೋ ಮಗು ಕಣ್ಣಿಗೆ ತಟ್ಟಂತ ಲೈಟ್ ಬಿಡ್ತಾರಾ?" ಎಂದು ನಗದೆ ಕೇಳುತ್ತಾರೆ.

ಲೀಲಾವತಿ ಅರಸೀಕೆರೆಯ ರೈಲ್ವೆ ಗ್ಯಾಂಗ್‌ಮನ್ ಒಬ್ಬರ ಮಗಳು. ತಂದೆಗೆ ಸಿಗುತ್ತಿದ್ದ ಪಾಸಿನಲ್ಲಿ ಮನೆಮಂದಿಯೆಲ್ಲ ವರ್ಷಕ್ಕೊಂದು ಊರು ನೋಡುತ್ತಿದ್ದರು. ಉಳಿದವರು ದೇವಸ್ಥಾನ, ಸೀರೆ ಅಂಗಡಿ ಎಂದರೆ ಇವರದು ಮ್ಯೂಸಿಯಂ ಹಟ. ಮೈಸೂರು, ಮದ್ರಾಸು, ಹೈದರಾಬಾದು, ಎಲ್ಲ ಕಡೆಯೂ ಮುಚ್ಚುವ ಹೊತ್ತಿಗೆ ಕಾವಲುಗಾರ ಬಂದು ಚಿತ್ರದ ಮುಂದಿನಿಂದ ಎಬ್ಬಿಸಬೇಕು. ಗಂಡ ಭೀಮಪ್ಪನವರು ನರ್ಸ್ ಆಗಿ ಇಲ್ಲಿನ ಆಸ್ಪತ್ರೆ ಸೇರಿದ ಮೇಲೆ ಹಟ ಪ್ಯಾರಿಸ್, ಮ್ಯಾಡ್ರಿಡ್‌ವರೆಗೂ ಬೆಳೆಯಿತು. ಭೀಮಪ್ಪನವರು ಪುಳಿಯೋಗರೆ ಡಬ್ಬಿ ಹಿಡಿದು ಹೊರಗಿನ ಬೆಂಚಿನಲ್ಲಿ ಕಾಯುತ್ತಾರೆ. "ಅವಳು ಚಿತ್ರ ನೋಡ್ತಾಳೆ, ನಾನು ಪಾರಿವಾಳ ನೋಡ್ತೀನಿ" ಎನ್ನುತ್ತಾರೆ. ಚಿತ್ರಶಾಲೆಯಲ್ಲೇ ಕ್ಲೀನಿಂಗ್ ಕೆಲಸ ಸಿಕ್ಕಾಗ ಲೀಲಾವತಿಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು.

ಆದರೆ ಆ ಕೊನೆಯ ಕೋಣೆ ಬೇರೆಯೇ. ದಿನಾ ಬೆಳಿಗ್ಗೆ ಹುಡುಗಿಯ ಬಾಯಿಯ ನೇರಕ್ಕೆ, ಚಿತ್ರಕ್ಕೆ ಹಾಕಿದ ಗಾಜಿನ ಒಳಮೈಯಲ್ಲಿ ಕಾಸಗಲ ಮಂಜು ಕಟ್ಟಿರುತ್ತದೆ. ಗೋಡೆಯ ತೇವ ಎನ್ನುತ್ತಾರೆ ಚಿತ್ರಶಾಲೆ ನೋಡಿಕೊಳ್ಳುವ ನೋರಾ. ಅದೇ ಗೋಡೆಯ ಉಳಿದ ಚಿತ್ರಗಳಿಗೇಕೆ ತೇವ ತಟ್ಟುವುದಿಲ್ಲವೋ ಯಾರೂ ಕೇಳಿಲ್ಲ. ಮೊದಲ ಸಲ ಕಂಡಾಗ ಲೀಲಾವತಿ ಬಕೆಟ್ಟು ಅಲ್ಲೇ ಬಿಟ್ಟು ಓಡಿದ್ದರಂತೆ. ಬರಬರುತ್ತಾ ಆ ಮಂಜು ಕಂಡರೇ ಅವರಿಗೆ ಸಮಾಧಾನ.

ಕಳೆದ ಬೇಸಿಗೆಯಲ್ಲಿ ಯಾರೋ ತೆಗೆದ ಫೋಟೊ ಮೊಬೈಲುಗಳಲ್ಲಿ ಹರಿದಾಡಿ, ಹುಡುಗಿಯನ್ನು ನೋಡಲು ಜನ ಮುಗಿಬಿದ್ದರು. "ಅಲ್ಲಿವರ್ಗೂ ಗ್ರಾಂಡ್ ಆಗೇ, ಆರಾಮಾಗೇ ಇದ್ಲು. ಎಷ್ಟು ಮುದ್ದಾಗಿದ್ದಾಳೆ ಅಂತ ನೋಡಿದ್ದೇ ನೋಡಿದ್ದು. ಕೆನ್ನೆ ಬಿಳಚ್ಕೊಳ್ತಾ ಬಂತು" ಎನ್ನುತ್ತಾರೆ ಲೀಲಾವತಿ. ಒಂದು ಬೆಳಿಗ್ಗೆ ಗಾಜಿನಲ್ಲಿ ಮಂಜಿರಲಿಲ್ಲ. ಮರುದಿನವೂ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ನೋರಾಗೆ ಹೇಳಿ ಸುಮ್ಮನಾಗುತ್ತಿದ್ದರು. ಇವರು ಚೀಲದಿಂದ ಕಾಡಿಗೆ ಡಬ್ಬಿ ತೆಗೆದು, ಕೆನ್ನೆಯ ನೇರಕ್ಕೆ ಗಾಜಿನ ಮೇಲೆ ದೃಷ್ಟಿಬೊಟ್ಟು ಇಟ್ಟೇಬಿಟ್ಟರು. "ನಮ್ಮ ಸಿಂಚನಾಗೂ ಚಿಕ್ಕೋಳಿದ್ದಾಗ ಹಿಂಗೇ ಇಡ್ತಿದ್ದೆ. ಮಗು ಅಂದ್ಮೇಲೆ ಮಗೂನೇ ಅಲ್ವಾ?" ಎಂಬುದು ಮಗಳನ್ನು ಬೆಳೆಸಿದ ತಾಯಿಯ ಸಮರ್ಥನೆ.

ಇದರಿಂದ ಕೆಲಸವೇ ಹೋಗುವುದರಲ್ಲಿತ್ತು. ಸಿಟ್ಟಾದ ನೋರಾ ಎದುರಿಗೆ ನಿಂತು ಲೀಲಾವತಿಯಿಂದಲೇ ಒರೆಸಿಸಿದರು. ಕಾಡಿಗೆ ಬಟ್ಟೆಗೆ ಬಂತು, ಬೊಟ್ಟು ಮಾತ್ರ ಅಲ್ಲೇ ಉಳಿಯಿತು. ನೋರಾ ಉಗುರಿನಿಂದ ಕೆರೆದರು. ಬೊಟ್ಟು ಗಾಜಿನ ಒಳಗೆ, ಹುಡುಗಿಯ ಕೆನ್ನೆಯ ಮೇಲೇ ಇತ್ತು. ಚಿತ್ರ ಇಳಿಸಿ ನೋಡಿದರೆ ಚೌಕಟ್ಟಿನ ಹಿಂದೆ ಅಂಟಿಸಿದ ಹಳೇ ಕಾಗದ ಒಂದಿಷ್ಟೂ ಹರಿದಿರಲಿಲ್ಲ, ಯಾರೂ ಬಿಚ್ಚಿದ ಗುರುತಿರಲಿಲ್ಲ. ಕೆಲಸದಿಂದ ತೆಗೆಯುವ ಮಾತನ್ನು ನೋರಾ ಆಮೇಲೆ ಎತ್ತಲಿಲ್ಲ. ಮಾರನೆಯ ಬೆಳಿಗ್ಗೆ ಮಂಜು ತನ್ನ ಜಾಗಕ್ಕೆ ಮರಳಿತ್ತು.

ಬರುವ ಸೋಮವಾರ ಚಿತ್ರವನ್ನು ಡಬ್ಲಿನ್ನಿಗೆ ಒಯ್ದು, ಚೌಕಟ್ಟು ಬಿಚ್ಚಿ, ಆ ಕಲೆ ತೆಗೆಸುವುದೆಂದು ತೀರ್ಮಾನವಾಗಿದೆ. ಅಂದಿನಿಂದ ಲೀಲಾವತಿಗೆ ಊಟ ಸೇರುತ್ತಿಲ್ಲ. ಬೊಟ್ಟು ಹೋದರೆ ಮಂಜೂ ಹೋಗುತ್ತದೆ, ಈ ಸಲ ಮರಳುವುದಿಲ್ಲ ಎಂಬ ಭಯ ಅವರನ್ನು ಹಿಡಿದಿದೆ. ಸಂಬಳ, ರಜೆ, ಯಾವುದರ ಬಗ್ಗೆಯೂ ಅವರ ದೂರಿಲ್ಲ. ನಮ್ಮ ಪತ್ರಿಕೆಯನ್ನು ಕೇಳುವುದು ಒಂದೇ.

"ಒರೆಸಬೇಡಿ ಅಂತ ನಿಮ್ಮ ಪೇಪರಲ್ಲಿ ಬರೀರಿ, ಸಾಕು" ಎನ್ನುತ್ತಾ ಬೂಟು ಮೆಟ್ಟುತ್ತಾರೆ. "ನಾನಿಟ್ಟಿದ್ದನ್ನ ನಾನೇ ಒರೆಸಿದೀನಿ. ಉಳಿದಿರೋದು ಅವಳೇ ಇಟ್ಕೊಂಡಿದ್ದು."