ಗ್ಯಾನಪ್ಪ ಹೂಂ ಅನ್ನದ ಕಥಿ

ನಮ್ಮೂರಾಗ ಹಗೇವು ತಗಿಯೋದಿದ್ರ ಗ್ಯಾನಪ್ಪನ್ನ ಬಿಟ್ರ ಇನ್ನೊಬ್ಬ ಇರ್ಲಿಲ್ಲ. ನೆಲದಾಗ ಆಳುದ್ದ ತೋಡಿ, ಜ್ವಾಳ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಬಡದಿರ್ತಾರ. ವರ್ಷಗಟ್ಲೆ ಮುಚ್ಚಿದ್ದನ್ನ ತಗದ ಕೂಡ್ಲೆ ಇಳದ್ರ ಮನಷ್ಯಾ ಉಸಿರುಗಟ್ಟಿ ಅಲ್ಲೇ ಸಾಯ್ತಾನ. ಗ್ಯಾನಪ್ಪ ಮೊದಲು ಕಂದೀಲು ಹಗ್ಗಕ್ಕ ಕಟ್ಟಿ ಇಳಿಬಿಡ್ತಿದ್ದ. ದೀಪ ಆರಿತು ಅಂದ್ರ ಯಾವ ಗೌಡ ಎಷ್ಟು ಒದರಿದ್ರೂ ಅವತ್ತು ಇಳೀತಿರ್ಲಿಲ್ಲ. ಗಿಡ್ಡ ಆಳು, ಮಾತು ಕಡಿಮಿ, ಓದಾಕ ಬರ್ತಿರ್ಲಿಲ್ಲ. ಇಂಥವಗೂ ಸಾಹಿತ್ಯಕ್ಕೂ ಏನು ಸಂಬಂಧ ಅಂತೀರೇನು? ಹೇಳ್ತೇನಿ. ನನ್ನ ಮರ್ಯಾದಿ ಹೋಗೋ ಮಾತು, ಆದ್ರೂ ಹೇಳ್ತೇನಿ.

ನಲ್ವತ್ತನೇ ಇಸವಿ ಸುಮಾರು. ನಮ್ಮ ಯಲಬುರ್ಗಿ ಸೀಮಿ ಆಗ ನಿಜಾಮನ ರಾಜ್ಯ. ಸಾಲ್ಯಾಗ ಉರ್ದು ಕಲಸ್ತಿದ್ರು. ಕನ್ನಡ ಬೇಕಂದ್ರ ಮನ್ಯಾಗ ಇಲ್ಲಾ ಮಠದಾಗ ಕಲೀಬೇಕು. ಧಾರವಾಡದಿಂದ ಟಪಾಲಿನಾಗ ಒಂದು ಮಾಸಪತ್ರಿಕಿ ನಮ್ಮ ಮನಿಗೆ ಬರ್ತಿತ್ತು. ಅದರಾಗಿನ ಸಣ್ಣ ಕಥಿ ಓದಿ ಓದಿ ನಮಗೂ ಬರಿಯೋ ಹುಚ್ಚು ಹಿಡೀತು. ನಮಗ ಅಂದ್ರ ಮೂರು ಮಂದಿಗೆ: ಹೊಲಮನಿ ಇದ್ದ ನಾನು, ಗವಿಸಿದ್ದಪ್ಪ; ಸಾಲಿ ಮಾಸ್ತರ ಕೊಟ್ರಬಸಪ್ಪ, ಅರಿವಿ ಅಂಗಡಿ ಮುದಿಯಪ್ಪ. ಅಮಾಸಿ ದಿನ ಎತ್ತು ಹೂಡಂಗಿಲ್ಲ, ಅವತ್ತು ಮಧ್ಯಾಹ್ನ ನಮ್ಮ ಪಡಸಾಲ್ಯಾಗ ಕೂಡೋದು, ಬರದದ್ದನ್ನ ಓದೋದು, ಆಮ್ಯಾಲ ಧಾರವಾಡಕ್ಕ ಕಳಸೋದು. ಬರೀತಿದ್ದದ್ದೆಲ್ಲ ಊರಾಗ ನಡದದ್ದ, ಹೆಸರಷ್ಟ ಬ್ಯಾರೆ.

ಗ್ಯಾನಪ್ಪ ನಮ್ಮನಿ ಕೆಲಸಕ್ಕ ಬಂದಾಗ ಬಾಗಿಲ ಹತ್ರ ಕುಂತು ಹಗ್ಗ ಹೊಸೀತಿದ್ದ. ಕಥಿ ಹೇಳುವಾಗ ಯಾರರ ಒಬ್ರು ಹೂಂ ಅನ್ನಬೇಕು, ಇದು ನಮ್ಮ ಕಡೆ ಪದ್ಧತಿ. ನಾವು ಹಾಳಿ ನೋಡಿ ಓದಿದ್ರೂ ಅವ ಅಲ್ಲಿಂದ್ಲೇ ಹೂಂ ಅಂದ. ಕೊಟ್ರಬಸಪ್ಪ ಮಾಸ್ತರ ಮುಖ ಗಂಟು ಹಾಕಿದ. ಆದ್ರ ನಾ ಒಂದು ಲಕ್ಷ್ಯಕ್ಕ ತಗೊಂಡೆ: ನಾವು ಎಲ್ಲಿ ಇಲ್ಲದ್ದು ಬಣ್ಣ ಹಚ್ಚಿರ್ತಿದ್ವೋ ಅಲ್ಲಿ ಇವನ ಹೂಂ ಬರ್ತಿರ್ಲಿಲ್ಲ. ಒಮ್ಮೆ, ಬಿತ್ತೋ ಹೆಣ್ಮಗಳ ಬಳಿ ಘಲ್ ಅಂದ್ವು ಅಂತ ಓದಿದೆ. ಗಪ್ಪಾದ. ಯಾಕಲೇ ಗ್ಯಾನ್ಯಾ ಅಂದ್ರ, ಬಿತ್ತಾಕ ನಿಂತಾಕಿ ಬಳಿ ಮ್ಯಾಲ ಸರಿಸಿ ಬಿಗಿ ಮಾಡಿರ್ತಾಳ, ಘಲ್ ಹೆಂಗ ಅಂತಾವ ಅಂದ. ಆ ಸಾಲು ಹೊಡದು ಹಾಕಿದೆ. ಆ ಕಥಿ ಅಚ್ಚಾತು! ನನ್ನ ಹೆಸರು ಮೊದಲ ಸಲ ಅಚ್ಚಿನಾಗ ಬಂತು. ಅಲ್ಲಿಂದ ಮುಂದ ಗ್ಯಾನಪ್ಪ ಇಲ್ದ ನಾವು ಪುಟ ತಿರುವ್ತಿರ್ಲಿಲ್ಲ. ಅವಗೂ ಅಮಾಸಿ ಅಂದ್ರ ಹಿಗ್ಗು. ತೊಳದ ಧೋತರ ಉಟ್ಕೊಂಡು ಬಂದು, ಬಾಗಿಲು ಬಿಟ್ಟು ಒಳಗ ಕಂಬದ ಹತ್ರ ಕುಂಡ್ರತಿದ್ದ. ಇಡೀ ಊರಾಗ ಅವಗ ಅಂತ ಇದ್ದ ಜಾಗ ಅದೊಂದ.

ಆಮ್ಯಾಲ ಶುರುವಾತು ನೋಡ್ರಿ. ಆಗಿನ ಪೊಲೀಸ್ ಸಾಹೇಬಗ ಅಮೀನ ಅಂತಿದ್ರು. ಆ ಅಮೀನನ ಕುದುರಿ ಬಗ್ಗೆ ಬರದ ಒಂದು ನಗಿ ಕಥಿ ಕೊಟ್ರಬಸಪ್ಪ ಓದಿದ. ಕೇಳಿದವರು ನಾವು ಇಷ್ಟ ಮಂದಿ. ಮೂರನೇ ದಿನಕ್ಕ ಮಾಸ್ತರನ್ನ ಠಾಣೇಕ್ಕ ಕರಸಿದ್ರು. ಕಥಿಯೊಳಗಿನ ಮಾತು ಮಾತೂ ಅಮೀನನ ಬಾಯಾಗ ಇದ್ವಂತ. ಮುಂದಿನ ತಿಂಗಳು ಮುದಿಯಪ್ಪನ ಅಂಗಡಿಗೆ ಬಂದು, ಪರವಾನಗಿ ಇಲ್ದ ಏನು ಸಭಾ ನಡಸ್ತೀರಿ ಅಂತ ಕೇಳಿ ಹೋದ್ರು. ಆಗ ನನ್ನ ತಲ್ಯಾಗ ಸಂಶೆದ ಹುಳ ಹೊಕ್ಕಿತು. ನಮ್ಮ ನಾಲ್ವರಾಗ ಒಬ್ಬ ಠಾಣೇಕ್ಕ ಹೇಳ್ತಾನ.

ಯಾರು? ಬರಿಯೋರು ಬರಿಯೋರನ್ನ ಯಾಕ ಹಿಡಕೊಡ್ತಾರ ಅಂತ ನನ್ನ ಲೆಕ್ಕ. ಉಳದವ ಗ್ಯಾನಪ್ಪ. ಬರಿಯಂಗಿಲ್ಲ, ಓದಂಗಿಲ್ಲ, ಸುಮ್ನ ಬಂದು ಯಾಕ ಕುಂಡ್ರತಾನ? ಮ್ಯಾಲ ಅವನ ಹೇಣ್ತಿ ಪಕ್ಕೀರವ್ವ ಅಮೀನನ ಕುದುರಿಗೆ ಹುಲ್ಲಿನ ಹೊರಿ ಹಾಕ್ತಿದ್ಲು. ಸಾಕಾತಲ್ಲ! ಕಾಮಾಲಿ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರ, ಹಂಗಾತು ನನಗ. ಅವ ನಕ್ಕರೂ ಸಂಶೆ, ನಗದಿದ್ರೂ ಸಂಶೆ.

ಯಾರಿಗೂ ಹೇಳದ ಒಂದು ಬಲಿ ಹೆಣೆದೆ. ಕಥೀನ ಬಲಿ. ಗದಗಿನಿಂದ ಬಂದ ಸರಕಾರದ ವಿರುದ್ಧದ ಕರಪತ್ರ ಒಬ್ಬ ರೈತ ತನ್ನ ಮನಿ ಮುಂದಿನ ಹಗೇವಿನಾಗ ಮುಚ್ಚಿಟ್ಟಾನ ಅಂತ ಬರದೆ. ಮನಿ ನಮ್ಮದ ಅಂತ ಯಾರಿಗಾದ್ರೂ ತಿಳಿಯೋ ಹಂಗ ಬರದೆ. ನನ್ನ ಕಡೆ ಕರಪತ್ರ ಇರ್ಲಿಲ್ಲ, ಸುಡುಗಾಡು ಇರ್ಲಿಲ್ಲ. ಠಾಣೇದವರು ಬಂದು ನಮ್ಮ ಹಗೇವು ತಗದ್ರ ಕಳ್ಳ ಸಿಕ್ಕಂಗ. ಆದ್ರ ಕಥಿ ಬರಿಯೋ ಚಟ ನೋಡ್ರಿ. ಕಡೀಗೆ ಒಂದು ತಿರುವು ಇರ್ಲಿಲ್ಲಂದ್ರ ಧಾರವಾಡದವರು ತಗೋಳ್ಳಂಗಿಲ್ಲ. ಅದಕ್ಕ, ರೈತ ಎಲ್ಲರ ಕಣ್ಣು ತಪ್ಪಿಸಿ ಆ ಕಾಗದ ಹಗೇವಿನಿಂದ ತಗದು ಎತ್ತಿಗೆ ಮೇವು ಹಾಕೋ ಗ್ವಾದ್ಲಿ ಕೆಳಗ ಹುಗದ ಅಂತ ಮುಗಿಸಿದ್ದೆ. ಬಲಿ ಹೆಣಿಯುವಾಗ್ಲೂ ನನಗ ಕಥಿ ಛಲೋ ಆಗಬೇಕಿತ್ತು.

ಅಮಾಸಿ ಬಂತು, ಓದಿದೆ. ಹೂಂ, ಹೂಂ ಅಂತ ಬಂದ ಗ್ಯಾನಪ್ಪ, ಕರಪತ್ರ ಹಗೇವಿನಾಗ ಇಳಿದ ಕೂಡ್ಲೆ ಗಪ್ಪಾದ. ಇನ್ನೆರಡು ಸಾಲು ಓದಿದೆ. ಇಲ್ಲ. ತಲಿ ಕೆಳಗ ಹಾಕ್ಯಾನ, ಬಾಯಿ ಬಿಡವಲ್ಲ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡ ಅಂತ ನನ್ನ ಮೈ ಉರೀತು. ಠಾಣೇಕ್ಕ ಹೇಳಾಕ ಜಾಗ ನೆನಪಿಟ್ಕೊಳ್ಳಾಕ ಹತ್ತೀಯೇನಲೇ, ಅಮೀನ ಹಾಕಿದ ಕೂಳು ತಿಂದು ನನ್ನ ಮನ್ಯಾಗ ಕುಂಡ್ರತೀಯಾ ಅಂತ ಬಾಯಿಗೆ ಬಂದಂಗ ಬೈದೆ. ಅವ ಒಂದ ಮಾತು ಅಂದ:

“ಧಣ್ಯಾರ, ಆ ಹಗೇವು ತುಂಬಿ ಮುಚ್ಚಿದವ ನಾನ ಅಲ್ರಿ?”

ಅದರ ಅರ್ಥ ತಲಿಗೆ ಹೋಗೋ ಹೊತ್ತಲ್ಲ ಅದು. ಹೊರಗ ನಡಿ ಅಂದೆ. ಎದ್ದು ಹೋದ. ಮಾಸ್ತರ, ಮುದಿಯಪ್ಪ ಇಬ್ರೂ ಪೀಡಾ ಹೋತು ಅಂದ್ರು. ಉಳದದ್ದು ಓದು ಅಂದ್ರು, ಓದಿದೆ. ಇಬ್ರೂ ಸಾಲು ಸಾಲಿಗೆ ಹೂಂ ಅಂದ್ರು.

ಸಂಜಿಯೊಳಗ ಊರಿಗೆಲ್ಲ ಹಬ್ಬಿತು, ಗ್ಯಾನ್ಯಾ ಚಾಡಿಕೋರ ಅಂತ. ಹಗೇವು ತಗಿಯಾಕ ಯಾರೂ ಕರೀಲಿಲ್ಲ. ಹಗೇವು ಅಂದ್ರ ಮನಿ ಗುಟ್ಟು, ಅದನ್ನ ಚಾಡಿಕೋರನ ಕೈಯಾಗ ಯಾರು ಕೊಡ್ತಾರ? ವಾರದಾಗ ಗಂಡ ಹೇಣ್ತಿ ಗಂಟು ಕಟ್ಕೊಂಡು ಗಿಣಿಗೇರಿಗೆ, ಪಕ್ಕೀರವ್ವನ ತವರಿಗೆ ಹೋದ್ರು. ನನಗ ಒಂಚೂರೂ ಮರುಕ ಬರ್ಲಿಲ್ಲ.

ಅವರು ಹೋದ ಮರುದಿನ ಠಾಣೇದವರು ಬಂದ್ರು. ಆರು ಮಂದಿ. ನಾ ಹಗೇವಿನ ಹತ್ರ ನಿಂತಿದ್ದೆ, ಗ್ಯಾನ್ಯಾ ಸಿಕ್ಕಿಬಿದ್ದ ಅಂತ ಒಳಗೊಳಗ ಖುಷಿ ಪಡಕೋತ. ಅವರು ನನ್ನ ದಾಟಿ, ಹಗೇವಿನ ಚಪ್ಪಡಿ ತುಳದು, ನೆಟ್ಟಗ ದನದ ಕೊಟ್ಟಿಗಿಗೆ ಹೋದ್ರು. ಎತ್ತು ಬಿಚ್ಚಿ ಹೊರಗ ಹೊಡದು ಗ್ವಾದ್ಲಿ ಕಿತ್ರು. ಮೊಣಕಾಲುದ್ದ ಅಗದು, ಏನೂ ಸಿಗದ ಹೊಳ್ಳಿ ಹೋದ್ರು. ಹಗೇವಿನ ಹೆಸರು ಒಬ್ಬನೂ ಎತ್ತಲಿಲ್ಲ.

ಗ್ವಾದ್ಲಿ ಮಾತು ಇದ್ದದ್ದು ಕಡೀ ಪುಟದಾಗ. ಗ್ಯಾನಪ್ಪ ಆ ಪುಟ ಕೇಳಿದ್ದಿಲ್ಲ. ಹಗೇವಿನಾಗ ಜ್ವಾಳ ಬಿಟ್ಟು ಏನೂ ಇಲ್ಲ ಅಂತ ಮುಚ್ಚಿದವಗ ಗೊತ್ತಿತ್ತು, ಅದಕ್ಕ ಅವನ ಹೂಂ ನಿಂತಿತ್ತು. ಕೇಳಿದವರು ಇಬ್ಬರ. ಆ ಇಬ್ಬರಾಗ ಯಾರು ಅನ್ನೋದು ನನಗ ಇವತ್ತಿಗೂ ಗೊತ್ತಿಲ್ಲ. ಕೇಳಾಕ ಧೈರ್ಯ ಆಗ್ಲಿಲ್ಲ. ಒಬ್ಬ ಮಾಸ್ತರ, ಇನ್ನೊಬ್ಬ ಸಾವ್ಕಾರ, ಹೊರಗ ನಡಿ ಅನ್ನಾಕ ನಾಲಿಗಿ ಹೊಳ್ಳಲಿಲ್ಲ. ಗ್ಯಾನಪ್ಪಗ ಅನ್ನಾಕ ಎಷ್ಟು ಸಲೀಸು ಹೊಳ್ಳಿತ್ತು! ಥೂ ನನ್ನ ಜನ್ಮಕ್ಕ.

ಗಿಣಿಗೇರಿಗೆ ಹೋದೆ. ಗ್ಯಾನಪ್ಪ ರೈಲು ಟೇಸನ್ನಿನಾಗ ಮೂಟಿ ಹೊರ್ತಿದ್ದ. ನನ್ನ ನೋಡಿ ಬರ್ರಿ ಧಣ್ಯಾರ ಅಂದ, ಗಿಡದ ನೆರಳಿಗೆ ಗೋಣಿತಟ್ಟು ಹಾಸಿದ. ಒಂದೂ ಮುಚ್ಚಿಡದ ಎಲ್ಲಾ ಹೇಳಿದೆ, ಬಲಿ ಹೆಣದದ್ದು, ಠಾಣೇದವರು ಬಂದದ್ದು. ತಪ್ಪಾತು ಗ್ಯಾನಪ್ಪ, ಊರಾಗ ನಾನ ನಿಂತು ಹೇಳ್ತೇನಿ, ಬಾ ಅಂದೆ. ನನ್ನ ಕಣ್ಣಾಗ ನೀರು ಬಂದ್ವು.

ಅವ ಕೇಳಿದ:

“ನಾ ಎದ್ದು ಹೋದಮ್ಯಾಲ ಹೂಂ ಅಂದೋರು ಯಾರ್ರಿ?”

ಅವರಿಬ್ರ ಅಂದ್ರು ಅಂದೆ.

“ಆ ಸುಳ್ಳಿಗೆ ಅವರು ಹೂಂ ಅಂದಾಗ ನಿಮಗ ಛಲೋ ಅನ್ನಿಸ್ತೇನ್ರಿ?”

ಅವನ ಮುಂದ ಸುಳ್ಳು ಹೇಳಾಕ ಆಗ್ಲಿಲ್ಲ. ಹೂಂ ಅಂದೆ. ಗ್ಯಾನಪ್ಪ ಎದ್ದು ಮೂಟಿ ಹೊರಾಕ ಹೋದ.